ಕೆಂಪು ಇಂಕಿನ ಒಪ್ಪಿಲ್ಲ

ನಮ್ಮ ಎಂಬಿಬಿಎಸ್ ಬ್ಯಾಚಿನ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಪುಟ. ಪುಟಕ್ಕೊಂದು ಫಾರಂ ಇದೆ. ಹೆಸರು, ಪಿಜಿ ಎಲ್ಲಿ ಮಾಡಿದ್ದು, ಆಮೇಲೆ ಇನ್ನೇನಾದರೂ ಓದಿದ್ದರೆ ಅದು, ಈಗಿನ ಹುದ್ದೆ, ಸ್ವಂತ ಆಸ್ಪತ್ರೆ, ಪ್ರಶಸ್ತಿ, ಮದುವೆ, ಮಕ್ಕಳು, ಮಕ್ಕಳು ಏನು ಓದುತ್ತಿದ್ದಾರೆ. ಈ ಫಾರಂ ತಯಾರು ಮಾಡಿದವನು ನಮ್ಮ ಬ್ಯಾಚಿನ ಒಬ್ಬ ಗೆಳೆಯ. ಅಷ್ಟೂ ಜನಕ್ಕೆ ಫೋನು ಮಾಡಿ, ಬೈಸಿಕೊಂಡು, ಮತ್ತೆ ಫೋನು ಮಾಡಿ ಒಂದೊಂದನ್ನೂ ತುಂಬಿಸಿದವನೂ ಅವನೇ. ತನ್ನದೊಂದನ್ನು ಮಾತ್ರ ಖಾಲಿ ಬಿಟ್ಟಿದ್ದ. ಅವನು ಸತ್ತು ಮೂರು ತಿಂಗಳಾಯಿತು. ಆ ಖಾಲಿ ಫಾರಂ ಈಗ ನನ್ನ ಮೇಜಿನ ಮೇಲಿದೆ. "ನೀವಿಬ್ಬರೂ ಒಂದೇ ಜಿಲ್ಲೆಯವರು, ನಿನಗೇ ಅವನು ಚೆನ್ನಾಗಿ ಗೊತ್ತಿದ್ದದ್ದು, ನೀನೇ ತುಂಬಿಬಿಡು" ಅಂದರು ಬ್ಯಾಚಿನವರು.

ಗೊತ್ತಿದ್ದ, ನಿಜ. ಸಾಯುವುದಕ್ಕೆ ಎರಡು ದಿನ ಮೊದಲು ಅವನು ನನಗೆ ಫೋನು ಮಾಡಿದ್ದ. ಅವತ್ತು ನಾವು ಆಡಿದ ಮಾತು ಈ ಫಾರಂನ ಯಾವ ಕಾಲಮ್ಮಿಗೂ ಹೊಂದುವುದಿಲ್ಲ. ಅವನ ಮಗಳು ಅದನ್ನೇ ನನ್ನನ್ನು ಕೇಳಿದಳು. ನಾನು ಅರ್ಧ ಹೇಳಿ ಅರ್ಧ ನುಂಗಿಕೊಂಡೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅದಕ್ಕೇ ಫಾರಂ ಪಕ್ಕಕ್ಕಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ಅವನ ಹೆಸರು ಹಾಕುವುದಿಲ್ಲ. ಬ್ಯಾಚಿನವರಿಗೆ ಯಾರೆಂದು ಗೊತ್ತಾಗುತ್ತದೆ, ಮಿಕ್ಕವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಅವನು ಉಡಿಗಾಲದವನು, ನಾನು ಗುಂಡ್ಲುಪೇಟೆಯವಳು. ಮೈಸೂರಿನಲ್ಲಿ ಓದುವಾಗ ಶನಿವಾರ ಮಧ್ಯಾಹ್ನ ಊರಿಗೆ ಹೊರಟರೆ ಅವನು ತನ್ನ ಚಾಮರಾಜನಗರದ ಬಸ್ಸು ಬಿಟ್ಟು ನನ್ನ ಗುಂಡ್ಲುಪೇಟೆ ಬಸ್ಸು ಹತ್ತುತ್ತಿದ್ದ. ನಂಜನಗೂಡಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುತ್ತಿದ್ದ. ಪ್ರೀತಿ ಗೀತಿ ಅಂದುಕೊಳ್ಳಬೇಡಿ, ಅವನಿಗೆ ಬೇಕಾಗಿದ್ದದ್ದು ನನ್ನ ನೋಟ್ಸು. "ನಿನ್ ಅಕ್ಸರ ಬ್ರಮ್ಮನಿಗೂ ಅರ್ಥಾಗದಿಲ್ಲ ಕಣಮ್ಮಿ, ಪಕ್ಕದಲ್ಲಿ ಕೂತ್ಕಂಡು ಓದ್ ಯೋಳು" ಎನ್ನುತ್ತಿದ್ದ. ನಾನು ಓದುತ್ತಿದ್ದೆ, ಅವನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಆ ಕುಲುಕಾಟದಲ್ಲೇ ಬರೆದುಕೊಳ್ಳುತ್ತಿದ್ದ. ಬಸ್ಸಿನಲ್ಲಿ ಬರೆದ ಅವನ ಅಕ್ಷರ ನಾನು ಮನೆಯಲ್ಲಿ ಬರೆದದ್ದಕ್ಕಿಂತ ನೆಟ್ಟಗಿರುತ್ತಿತ್ತು. ಹಾಗೆ ನನ್ನನ್ನು ಸಲಿಗೆಯಿಂದ ಅಮ್ಮಿ ಎಂದು ಕರೆಯುತ್ತಿದ್ದವನು ಇಡೀ ಬ್ಯಾಚಿನಲ್ಲಿ ಅವನೊಬ್ಬನೇ. ಮಿಕ್ಕವರಿಗೆ ನನ್ನ ಬಾಯಿ ಕಂಡರೆ ಭಯ.

ಪದವಿ ಪ್ರದಾನದ ದಿನ ನಾವೆಲ್ಲ ಬಾಡಿಗೆ ಗೌನು ಹಾಕಿಕೊಂಡು ಫೋಟೋಗೆ ನಿಂತಿದ್ದೆವು. ಅವನ ಅಪ್ಪ ಅಮ್ಮ ಕೂಲಿಗೆ ಹೋಗುವವರು. ಅವತ್ತು ಇಬ್ಬರೂ ಬಂದಿದ್ದರು. ತಾಯಿ ಮಗನನ್ನು ನೋಡಿದವರೇ ಹೌಹಾರಿದರು. "ಯಾಕ್ಲಾ ಮಗ, ಒಳ್ಳೆ ದಿಸದಲ್ಲಿ ಕರೀ ಬಟ್ಟ ಇಕ್ಕಂಡಿದ್ದೀಯ? ತಗಿ, ತಗಿ ಮೊದ್ಲು" ಎಂದು ಎಲ್ಲರೆದುರಿಗೇ ಗದರಿದರು. ಅವನು ಅಲ್ಲೇ ಗೌನು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಪ್ರೊಫೆಸರು ರೇಗಿದಾಗ "ಅವ್ವ ಬ್ಯಾಡ ಅಂದ್ಲು ಸಾರ್" ಅಂದ, ಅಷ್ಟೇ. ನಮ್ಮ ಬ್ಯಾಚಿನ ಫೋಟೋದಲ್ಲಿ ಕಪ್ಪು ಸಾಲಿನ ನಡುವೆ ಬಿಳಿ ಅಂಗಿಯೊಂದು ಎದ್ದು ಕಾಣುತ್ತದೆ. ಈಗ ಆ ಫೋಟೋ ನೋಡಿದವರೆಲ್ಲ ಮೊದಲು ಕೇಳುವುದು ಅವನನ್ನೇ.

ಎಂಬಿಬಿಎಸ್ ಆದ ಮೇಲೆ ನಾವೆಲ್ಲ ಪಿಜಿಗೆ ಓಡಿದೆವು. ಅವನು ಸರ್ಕಾರಿ ಕೆಲಸಕ್ಕೆ ಸೇರಿ ಸಂತೆಮರಹಳ್ಳಿಯಿಂದ ಆಚೆಗಿನ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ. ಅಲ್ಲಿಂದಲೇ ಎರಡು ಸಲ ಪರೀಕ್ಷೆ ಬರೆದ, ಸಿಗಲಿಲ್ಲ. ಮೂರನೇ ಸಲ ಸಿಕ್ಕಿತು, ಮಕ್ಕಳ ವಿಭಾಗ, ಅವನು ಬಯಸಿದ್ದೇ. ಆದರೆ ಹೋಗಿ ಸೇರಬೇಕಾದರೆ ಅವನ ಜಾಗಕ್ಕೆ ಇನ್ನೊಬ್ಬ ಡಾಕ್ಟರು ಬಂದು ಚಾರ್ಜು ತೆಗೆದುಕೊಳ್ಳಬೇಕಿತ್ತು. ಬರುತ್ತೇನೆಂದ ಪುಣ್ಯಾತ್ಮ ಬರಲಿಲ್ಲ. ಕೊನೆಯ ದಿನ ನಾನು ಫೋನಿನಲ್ಲಿ ಕೂಗಾಡಿದೆ. "ಬೀಗ ಹಾಕಿ ಹೊರಟುಬಿಡೋ ಮುಠ್ಠಾಳ, ಆಮೇಲೆ ನೋಡಿಕೊಂಡರಾಯಿತು!" ಅಂದೆ. "ಬೀಗ ಎಂಗಾಕದು ಕಣಮ್ಮಿ, ಒಳಗ ಎರಡು ಬಾಣಂತಿ ಅವ್ರ" ಅಂದ. ಆ ಸೀಟು ಹೋಯಿತು. ಮತ್ತೆ ಅವನು ಪರೀಕ್ಷೆ ಕಟ್ಟಲಿಲ್ಲ. ಯಾರಾದರೂ ಯಾಕೆ ಪಿಜಿ ಮಾಡಲಿಲ್ಲ ಎಂದು ಕೇಳಿದರೆ "ರಿಲೀವರ್ ಬರ್ನಿಲ್ಲ" ಎಂದು ನಗುತ್ತಿದ್ದ. ಇಪ್ಪತ್ತು ವರ್ಷ ಆದ ಮೇಲೂ ಅದೇ ಉತ್ತರ, ಅದೇ ನಗು.

ಬ್ಯಾಚಿನ ವಾಟ್ಸಾಪ್ ಗುಂಪು ಶುರುವಾದಾಗ ಅದರ ಜೀವ ಅವನೇ ಆದ. ಯಾರೋ ಎಂಡಿ ಮುಗಿಸುತ್ತಾರೆ, ಇನ್ನಾರೋ ಹಾರ್ಟ್ ಸರ್ಜನ್ ಆಗುತ್ತಾರೆ, ಒಬ್ಬಳು ಲಂಡನ್ನಿನಲ್ಲಿ ಮನೆ ಕೊಳ್ಳುತ್ತಾಳೆ, ಇನ್ನೊಬ್ಬ ಐವತ್ತು ಹಾಸಿಗೆಯ ಆಸ್ಪತ್ರೆ ತೆರೆಯುತ್ತಾನೆ. ನಾವು ಹೂಗುಚ್ಛದ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆವು. ಅವನು ಫೋನು ಮಾಡುತ್ತಿದ್ದ. ಫೋನು ಮಾಡಿ ಎಲ್ಲ ವಿಚಾರಿಸಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಯಾರ ಗಂಡ ಯಾವಾಗ ತೀರಿಕೊಂಡರು, ಯಾರ ಮಗು ಎಷ್ಟನೇ ತಿಂಗಳಿಗೇ ಹುಟ್ಟಿತು, ಯಾರಿಗೆ ಡೈವೋರ್ಸ್ ಆಯಿತು, ಎಲ್ಲ ಅದರಲ್ಲಿತ್ತು. ಬೆಳ್ಳಿಹಬ್ಬದ ಸಂಚಿಕೆ ಮಾಡಬೇಕೆಂದಾಗ "ನೀನೇ ಮಾಡಪ್ಪಾ, ಪಿಎಚ್‌ಸಿಲಿ ಇರೋನು, ನಿನಗೆ ಟೈಮಿದೆ" ಎಂದು ಅವನ ತಲೆಗೆ ಕಟ್ಟಿದ್ದು ನಾವೇ. ದಿನಕ್ಕೆ ನೂರೈವತ್ತು ರೋಗಿಗಳನ್ನು ಒಬ್ಬನೇ ನೋಡುವವನಿಗೆ ನಾವು ಹೇಳಿದ ಮಾತು ಅದು. ಅವನು "ಆಯ್ತು" ಅಂದ.

ಗುಂಡ್ಲುಪೇಟೆಯಲ್ಲಿ ನಾನು ಪುಟ್ಟ ನರ್ಸಿಂಗ್ ಹೋಂ ತೆರೆದಾಗ ಉದ್ಘಾಟನೆಗೆ ಬ್ಯಾಚಿನವರೆಲ್ಲ ಬಂದು ಹಾರ ಹಾಕಿ ಊಟ ಮಾಡಿ ಹೋದರು. ಅವನು ಬರಲಿಲ್ಲ. ಒಂದು ವಾರ ಬಿಟ್ಟು, ಸೋಮವಾರದ ಭರ್ತಿ ಓಪಿಡಿಯಲ್ಲಿ, ನನ್ನ ನರ್ಸು "ನಲವತ್ತೊಂದು" ಎಂದು ಕೂಗಿದರೆ ಅವನು ಒಳಗೆ ಬಂದ. ಕೈಯಲ್ಲಿ ಟೋಕನ್, ಹೆಗಲಲ್ಲಿ ಒಂದು ಚೀಲ ಸೊಗಡವರೆಕಾಯಿ. ಎರಡು ಗಂಟೆ ಹೊರಗಿನ ಬೆಂಚಿನ ಮೇಲೆ ರೋಗಿಗಳ ನಡುವೆ ಕೂತಿದ್ದನಂತೆ.

"ಬಂದವನು ಒಳಗೆ ಬರೋದಲ್ವೇನೋ!" ಎಂದು ರೇಗಿದೆ.

"ಪೇಷಂಟಾಗಿ ಕೂತ್ಕಂಡು ನೋಡನ ಅಂತ ಕಣಮ್ಮಿ, ಆ ಕಡೆಯಿಂದ ನೀನು ಎಂಗ್ ಕಾಣ್ತೀಯ ಅಂತ."

"ಹೆಂಗೆ ಕಂಡೆ?"

"ಔಸ್ತಿ ಚೆಂದಾಗಿ ಬರೀತೀಯ. ಬಾಯಿ ಒಸಿ ಜೋರು. ಆ ಮುದುಕಿ ಪಾಪ, ಕೇಳ್ಬೇಕು ಅಂತ ಬಂದ ಮಾತ ಗಂಟ್ಲಲ್ಲೇ ಇಟ್ಕಂಡು ಎದ್ದೋಯ್ತು."

ನನಗೆ ಸಿಟ್ಟು ಬಂತು. ಅವರೆಕಾಯಿ ಚೀಲವನ್ನು ಅವನಿಂದ ಕಿತ್ತುಕೊಂಡು ನರ್ಸಿನ ಕೈಗೆ ಕೊಟ್ಟು, ನಲವತ್ತೆರಡನ್ನು ಕಳಿಸು ಅಂದೆ. ಅವನು ನಗುತ್ತಲೇ ಎದ್ದುಹೋದ.

ಅವನ ಕೆಲಸದ ರೀತಿಯೇ ಬೇರೆ. ಓಪಿಡಿ ರಿಜಿಸ್ಟರನ್ನು ನರ್ಸಿಗೂ ಕೊಡುತ್ತಿರಲಿಲ್ಲ, ತಾನೇ ಬರೆಯುತ್ತಿದ್ದ. ಔಷಧಿಗೆ ಬಂದವರನ್ನು ಮಾತ್ರವಲ್ಲ, ಸುಮ್ಮನೆ ಏನೋ ಕೇಳಿಕೊಂಡು ಹೋಗಲು ಬಂದವರನ್ನೂ ಬರೆಯುತ್ತಿದ್ದ. "ಬರ್ಕಳನ" ಅನ್ನುವುದು ಅವನ ಮಾತು. "ಬಂದೋರ್ನ ಬರ್ಕಳ್ದೆ ಓದ್ರ ಅವ್ರು ಬಂದೇ ಇಲ್ಲ ಅಂದಂಗ ಆಯ್ತದ." ದೊಡ್ಡ ಆಸ್ಪತ್ರೆಗೆ ಹೋಗಿ ಎಂದರೂ ಹೋಗಲು ಒಪ್ಪದವರು ಎಲ್ಲ ಡಾಕ್ಟರಿಗೂ ಸಿಗುತ್ತಾರೆ. ಆಗ ನಾವು "ಪರಿಣಾಮ ತಿಳಿಸಿದೆ, ರೋಗಿ ಒಪ್ಪಿಲ್ಲ" ಎಂದು ಬರೆದು, ರೋಗಿಯ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು, ಕೆಳಗೆ ನಮ್ಮ ಸಹಿ ಹಾಕುತ್ತೇವೆ. ನಾಳೆ ಏನಾದರೂ ಆದರೆ ನಮ್ಮ ತಲೆಗೆ ಬರಬಾರದಲ್ಲ, ಅದಕ್ಕೆ. ಅವನು "ಒಪ್ಪಿಲ್ಲ" ಎಂಬುದನ್ನು ಮಾತ್ರ ಕೆಂಪು ಇಂಕಿನಲ್ಲಿ ಬರೆಯುತ್ತಿದ್ದ. ಭಾನುವಾರ ರಿಜಿಸ್ಟರು ತೆಗೆದು ವಾರದ ಕೆಂಪು ಎಲ್ಲೆಲ್ಲಿದೆ ನೋಡಿ, ಸ್ಕೂಟರಿನಲ್ಲಿ ಅವರ ಮನೆಗೇ ಹೋಗುತ್ತಿದ್ದ.

ಒಮ್ಮೆ ಉಮ್ಮತ್ತೂರಿನ ಕಡೆಗೆ ಹಾಗೆ ಹೊರಟವನ ಹಿಂದೆ ನಾನೂ ಕೂತು ಹೋಗಿದ್ದೆ. ಕಾಲಿನ ಗಾಯ ಕೊಳೆಯುತ್ತಿದ್ದರೂ ಮೈಸೂರಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದ ಮುದುಕ. ಇವನು ಮುದುಕನ ಮನೆ ಜಗುಲಿಯ ಮೇಲೆ ಕೂತು ಮುಕ್ಕಾಲು ಗಂಟೆ ರಾಗಿಯ ಮಾತು, ಎಮ್ಮೆಯ ಮಾತು, ಮೊಮ್ಮಗನ ಮಾತು ಆಡಿದ. ಕಾಲಿನ ಸುದ್ದಿಯೇ ಎತ್ತಲಿಲ್ಲ. ಕೊನೆಗೆ ಮುದುಕನೇ "ಓಗನ ಅಂತಿಯಾ ಡಾಕ್ಟ್ರೇ?" ಎಂದು ಕೇಳಿದ. ವಾಪಸು ಬರುವಾಗ ಅವನು ಅಂದ: "ಒಲ್ಲೆ ಅನ್ನೋನು ನಿಜವಾಗ್ಲೂ ಒಲ್ಲೆ ಅನ್ನಲ್ಲ ಕಣಮ್ಮಿ. ಇನ್ನೊಂದ್ಸಲ ಕರೀಲಿ ಅಂತ ಕಾಯ್ತಿರ್ತನ." ನಾನು ಆ ಮಾತನ್ನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡಿದ್ದೆ ಎಂಬುದೇ ಈಗ ನನಗೆ ಮುಳ್ಳು.

ನಾನು ಎಂಡಿ ಮೆಡಿಸಿನ್ ಮಾಡಿದವಳು, ಹಾಗಾಗಿ ಎದೆನೋವಿನ ರೋಗಿ ಬಂದರೆ ಅವನು ನನಗೆ ಫೋನು ಮಾಡುತ್ತಿದ್ದ. ಇಸಿಜಿ ಪಟ್ಟಿಯ ಫೋಟೋ ಕಳಿಸುತ್ತಿದ್ದ. ಹೆಸರಿರುವ ತುದಿಯನ್ನು ಹಿಂದಕ್ಕೆ ಮಡಿಚಿ ಫೋಟೋ ತೆಗೆಯುವುದು ಅವನ ಅಭ್ಯಾಸ, ಒಬ್ಬರ ಕಾಯಿಲೆ ಇನ್ನೊಬ್ಬರ ಫೋನಿನಲ್ಲಿ ಹೆಸರಿನ ಸಮೇತ ಇರಬಾರದು ಎಂದು. ನಾನೂ ಹೆಸರು ಕೇಳುತ್ತಿರಲಿಲ್ಲ. ನಾವು ಡಾಕ್ಟರುಗಳು ಫೋನಿನಲ್ಲಿ ವಯಸ್ಸು ಕೇಳುತ್ತೇವೆ, ಗಂಡೋ ಹೆಣ್ಣೋ ಕೇಳುತ್ತೇವೆ, ಬಿಪಿ, ಶುಗರು ಕೇಳುತ್ತೇವೆ. ಹೆಸರು ಕಟ್ಟಿಕೊಂಡು ನಮಗೇನಾಗಬೇಕು?

ಅವನು ತೀರಿಕೊಂಡ ವಾರದ ಹಿಂದಿನ ವಾರ ಗುಂಪಿನಲ್ಲಿ ಮೊದಲ ಬಾರಿಗೆ ತನ್ನ ಮನೆಯ ಸುದ್ದಿ ಹಾಕಿದ್ದ. "ಮುಂದಿನ ವಾರ ಶನಿವಾರ ಮೈಸೂರಿನಲ್ಲಿ ನನ್ನ ಮಗಳ ಪದವಿ ಪ್ರದಾನ. ಅವಳೂ ಡಾಕ್ಟರಾದಳು. ಈ ಸಲ ಕರಿ ಗೌನಿನಲ್ಲೇ ಫೋಟೋ ತೆಗೆಸುತ್ತೇವೆ." ನಾನು ಹೂಗುಚ್ಛದ ಚಿತ್ರ ಒತ್ತಿದೆ. ಎಲ್ಲರ ಮಕ್ಕಳ ಸುದ್ದಿಗೂ ಫೋನು ಮಾಡುತ್ತಿದ್ದವನಿಗೆ ನಾನು ಒಂದು ಫೋನು ಮಾಡಲಿಲ್ಲ.

ಆ ಬುಧವಾರ ಮಧ್ಯಾಹ್ನ ನನ್ನ ಎದುರು ಗಡಿಯಾಚೆಯಿಂದ ಬಂದ ಮಲಯಾಳಿ ದಂಪತಿ ಕೂತಿದ್ದರು. ನನ್ನ ಮುರುಕು ಮಲಯಾಳಂ ಅವರಿಗೆ ತಿಳಿಯದೆ, ಅವರ ಮಾತು ನನಗೆ ತಿಳಿಯದೆ ತಲೆ ಚಿಟ್ಟು ಹಿಡಿದಿತ್ತು. ಹೊರಗೆ ಇನ್ನೂ ಇಪ್ಪತ್ತು ಜನ. ಆಗ ಅವನ ಫೋನು.

"ಅಮ್ಮಿ, ಬಿಜಿಯಾ?"

"ಬೇಗ ಹೇಳು."

"ಒಬ್ಬ ಪೇಷಂಟು. ಗಂಡಸು, ಐವತ್ತು ವರ್ಷ. ಮೂರು ದಿನದಿಂದ ಎದ ಹಿಡ್ಕಂಡಂಗ ಆಯ್ತದ. ನಡುದ್ರ ಬತ್ತದ, ಕೂತ್ರ ಓಯ್ತದ. ಇಸಿಜಿ ಕಳ್ಸಿವ್ನಿ, ನೋಡು."

ನೋಡಿದೆ. ನೋಡಿದ ಕೂಡಲೇ ಗೊತ್ತಾಗುವಂಥದ್ದು. ಹೃದಯದ ಮುಂಭಾಗದ ದೊಡ್ಡ ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಇವತ್ತೋ ನಾಳೆಯೋ ಪೂರ್ತಿ ಮುಚ್ಚುತ್ತದೆ, ಅಷ್ಟರೊಳಗೆ ಸ್ಟೆಂಟ್ ಹಾಕಿದರೆ ಮನುಷ್ಯ ಉಳಿಯುತ್ತಾನೆ.

"ಇನ್ನೂ ಅಲ್ಲೇ ಕೂರಿಸಿಕೊಂಡಿದ್ದೀಯಾ? ಆಸ್ಪಿರಿನ್ ಕೊಟ್ಟು ಈ ಕ್ಷಣ ಆಂಬುಲೆನ್ಸಿನಲ್ಲಿ ಮೈಸೂರಿಗೆ ಅಟ್ಟು."

"ಮಾತ್ರ ಕೊಟ್ಟಾಯ್ತು. ಓಗಕ್ಕ ಒಪ್ತಿಲ್ಲ ಕಣಮ್ಮಿ. ಶನಿವಾರ ಮನೇಲಿ ಒಂದು ಕಾರ್ಯ ಅದಂತ. ಅದ ಮುಗುಸ್ಕಂಡು ಭಾನುವಾರ ಓಯ್ತನಂತ."

"ಕಾರ್ಯ ಮುಗಿಸೋಕೆ ಅವನಿದ್ರೆ ತಾನೇ? ಎಷ್ಟು ಸಲ ಬಡ್ಕೋಬೇಕೋ ಈ ಜನಕ್ಕೆ!"

ಅವನು ಅಂದ: "ಅವ್ನಿಗೂ ಗೊತ್ತದ. ನೀನೇ ಒಂದ್ ಮಾತ ಯೋಳಮ್ಮಿ. ನೀನ್ ಯೋಳುದ್ರ ಒಪ್ಪನೇನೋ."

"ನನಗೆ ಬೇರೆ ಕೆಲಸ ಇಲ್ವಾ? ಒಪ್ಪದಿದ್ರೆ ಸಾಯ್ಲಿ ಬಿಡು" ಅಂದೆ.

ಅವನು ನಕ್ಕ. "ಆಯ್ತು ಕಣಮ್ಮಿ, ಯೋಳ್ತೀನಿ" ಅಂದ. ಫೋನಿಟ್ಟೆ.

ಶುಕ್ರವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಓಪಿಡಿ ನಡೆಯುತ್ತಿದ್ದಾಗ, ಮಗುವೊಂದನ್ನು ನೋಡಿ ಕೈ ತೊಳೆಯಲು ಎದ್ದವನು ನಲ್ಲಿಯ ಹತ್ತಿರವೇ ಕುಸಿದನಂತೆ. ಚಾಮರಾಜನಗರ ಮುಟ್ಟುವ ಮೊದಲೇ ಹೋಗಿದ್ದ. ಸುದ್ದಿ ಕೇಳಿದಾಗ ನಾನು ಮೊದಲು ಮಾಡಿದ ಕೆಲಸ ಫೋನು ತೆಗೆದು ಬುಧವಾರದ ಇಸಿಜಿ ನೋಡಿದ್ದು. ಹೆಸರಿನ ತುದಿ ಮಡಿಚಿತ್ತು. ಪಟ್ಟಿಯನ್ನು ಹಿಡಿದಿದ್ದ ಹೆಬ್ಬೆರಳು ಅವನದು, ಅದು ನನಗೆ ಮೊದಲಿಂದಲೂ ಗೊತ್ತಿದ್ದ ಬೆರಳು. ಪಟ್ಟಿಯೂ ಅವನದೇ ಎಂದು ಆಗ ತಿಳಿಯಿತು. ಶನಿವಾರ, ಮನೆಯಲ್ಲಿ ಕಾರ್ಯ, ಐವತ್ತು ವರ್ಷ. ಅವನು ಏನೂ ಮುಚ್ಚಿಟ್ಟಿರಲಿಲ್ಲ. ಅವನ ಹೆಸರು ಒಂದನ್ನು ಬಿಟ್ಟು ಎಲ್ಲ ಹೇಳಿದ್ದ. ಯಾರೋ ಅದು ಎಂದು ನಾನು ಕೇಳಿದ್ದರೆ ಅವನು ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಸುಳ್ಳು ಬರುತ್ತಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಉಡಿಗಾಲಕ್ಕೆ ಹೋದೆ. ಮಗಳು ನನ್ನನ್ನು ಪಕ್ಕದ ಕೋಣೆಗೆ ಕರೆದಳು. ಕೈಯಲ್ಲಿ ಅಪ್ಪನ ಫೋನಿತ್ತು.

"ಆಂಟಿ, ಈ ಇಸಿಜಿ ಅಪ್ಪಂದೇ. ಪಟ್ಟಿ ಅಪ್ಪನ ಚೀಲದಲ್ಲೇ ಇತ್ತು, ಹೆಸರಿದೆ. ಬುಧವಾರ ನಿಮಗೆ ಕಳಿಸಿ ಮಾತಾಡಿದ್ದಾರೆ. ನೀವೇನಂದ್ರಿ?"

ಅವಳೂ ಈಗ ಡಾಕ್ಟರು. ಆ ಪಟ್ಟಿಯ ಅರ್ಥ ಅವಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೂಡಲೇ ಮೈಸೂರಿಗೆ ಅಂದೆ ಮಗಳೇ" ಅಂದೆ.

ಅವಳ ಮುಖ ಗಟ್ಟಿಯಾಯಿತು. "ಹಾಗಾದ್ರೆ ಅಪ್ಪನೇ ಕೇಳಲಿಲ್ಲ. ಊರಿನೋರ ಮನೆಮನೆಗೆಲ್ಲ ಹೋಗಿ ಕೈಮುಗಿದು ಕಳಿಸ್ತಿದ್ರು. ನನಗೋಸ್ಕರ ತಾವು ಹೋಗಲಿಲ್ಲ. ನನ್ನ ಒಂದು ಫೋಟೋಗೆ." ಅವಳು ಅಳಲಿಲ್ಲ. ಫೋನನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದಳು. ಪದವಿ ಪ್ರದಾನಕ್ಕೆ ಅವಳು ಹೋಗಿರಲಿಲ್ಲ. ಆಮೇಲೆ ಅವಳ ತಾಯಿ ಫೋನಿನಲ್ಲಿ ಹೇಳಿದರು, ಅಪ್ಪನ ಫೋಟೋ ಮುಂದೆ ದೀಪ ಹಚ್ಚು ಅಂದರೆ ಹಚ್ಚುವುದಿಲ್ಲ ಅನ್ನುತ್ತಾಳಂತೆ, ಅಪ್ಪನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಾಳಂತೆ.

ಫಾರಂ ತುಂಬಲು ಅವನು ಕೆಲಸಕ್ಕೆ ಸೇರಿದ ವರ್ಷ ಬೇಕಿತ್ತು. ಅದನ್ನು ನೆಪ ಮಾಡಿಕೊಂಡು ಹೋದ ವಾರ ಅವನ ಆರೋಗ್ಯ ಕೇಂದ್ರಕ್ಕೆ ಹೋದೆ. ಅವನ ಕುರ್ಚಿಗೆ ಇನ್ನೂ ಯಾರೂ ಬಂದಿಲ್ಲ. ಹದಿನೈದು ವರ್ಷ ಅವನ ಜೊತೆ ಔಷಧಿ ಕೊಟ್ಟುಕೊಂಡಿದ್ದ ಫಾರ್ಮಸಿಯ ಹೆಂಗಸು ರಿಜಿಸ್ಟರನ್ನು ನನ್ನ ಮುಂದಿಟ್ಟರು.

"ಇದೊಂದ ನೀವೇ ನೋಡ್ಬುಡಿ ಮೇಡಂ. ನಾನು ಯಾರಿಗೂ ತೋರ್ಸಿಲ್ಲ. ಸಾರು ಓದ ಮ್ಯಾಲೆ ಕಣ್ಗ ಬಿತ್ತು."

ಬುಧವಾರದ ಪುಟ. ಅರವತ್ತೇಳನೆಯ ರೋಗಿ. ಅವನ ಹೆಸರು, ಪೂರ್ತಿ ಹೆಸರು, ಅಪ್ಪನ ಹೆಸರು, ಉಡಿಗಾಲ, ಐವತ್ತು ವರ್ಷ. ಎದೆನೋವು ಮೂರು ದಿನ. ಇಸಿಜಿ ಮಾಡಿದೆ. ಕೊಟ್ಟ ಮಾತ್ರೆಗಳು. "ಫೋನಿನಲ್ಲಿ ತಜ್ಞರ ಸಲಹೆ ಪಡೆದೆ" ಎಂದು ಬರೆದು ನನ್ನ ಹೆಸರು, ಎಂಡಿ ಸಮೇತ. "ಸಲಹೆ: ಕೂಡಲೇ ಮೈಸೂರಿಗೆ. ಪರಿಣಾಮ ತಿಳಿಸಿದ್ದಾರೆ." ಮುಂದೆ ಕೆಂಪು ಇಂಕಿನಲ್ಲಿ ಒಪ್ಪಿಲ್ಲ. ರೋಗಿಯ ಸಹಿಯ ಜಾಗದಲ್ಲಿ ಅವನ ಸಹಿ. ಡಾಕ್ಟರ ಸಹಿಯ ಜಾಗದಲ್ಲೂ ಅವನದೇ ಸಹಿ. ಬಸ್ಸಿನಲ್ಲಿ ಬರೆಯುತ್ತಿದ್ದಾಗಿನ ಅದೇ ನೆಟ್ಟನೆಯ ಅಕ್ಷರ.

"ಮೊದಲೇ ಕಂಡಿದ್ರ ನಾನೇ ಎಳ್ಕಂಡೋಯ್ತಿದ್ದಿ ಮೇಡಂ" ಎಂದು ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. "ಕೆಂಪ ನೋಡ್ಕಂಡು ಮನಗ ಓಗೋರು ಅವ್ರೊಬ್ರೇ ಅಲ್ವ."

ನಾನು ಆ ಸಾಲನ್ನು ಮೂರು ನಾಲ್ಕು ಸಲ ಓದಿದೆ. ನಾನು ಕೊಟ್ಟ ಸಲಹೆ ಅದರಲ್ಲಿತ್ತು. ಅವನು ನನ್ನನ್ನು ಕೇಳಿದ ಮಾತು ಇರಲಿಲ್ಲ. ಅದಕ್ಕೆ ನಾನು ಕೊಟ್ಟ ಉತ್ತರವೂ ಇರಲಿಲ್ಲ. ಬಂದು ಹೋದ ಯಾರನ್ನೂ, ಆಡಿ ಹೋದ ಏನನ್ನೂ ಬಿಡದೆ ಬರೆಯುತ್ತಿದ್ದವನು ಅದೊಂದನ್ನು ಬಿಟ್ಟಿದ್ದ. ನನ್ನ ಮೇಲೆ ಮಾತು ಬರದಿರಲಿ ಎಂದು ಅವನು ಬಿಟ್ಟ ಅರ್ಧವನ್ನೇ ನಾನು ಅವನ ಮಗಳೆದುರು ನುಂಗಿದ್ದೆ. ನಾಚಿಕೆಯಾಗಬೇಕು ನನಗೆ.

ಫಾರಂ ತುಂಬಿದ್ದೇನೆ. ಪಿಜಿ: ರಿಲೀವರ್ ಬರಲಿಲ್ಲ. ಹುದ್ದೆ: ಕೊನೆಯವರೆಗೂ ಅದೇ. ಮಕ್ಕಳು: ಒಬ್ಬಳು ಮಗಳು, ಡಾಕ್ಟರು. ಫಾರಂ ಜೊತೆ ಈ ಬರಹವನ್ನೂ ಕಳಿಸುತ್ತಿದ್ದೇನೆ, ಒಂದು ಅಕ್ಷರ ಬಿಡದೆ ಹಾಕಬೇಕು ಎಂದು ಹೇಳಿದ್ದೇನೆ. ಹಾಕದಿದ್ದರೆ ನಾನೇ ಉಡಿಗಾಲಕ್ಕೆ ಹೋಗಿ ಅವಳ ಕೈಗೆ ಕೊಟ್ಟು ಬರುತ್ತೇನೆ.

ಮಗಳೇ, ನಿನ್ನಪ್ಪ ಮೈಸೂರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿರಲಿಲ್ಲ. ಬುಧವಾರ ಅವನು ನನಗೆ ಫೋನು ಮಾಡಿ, ನೀನೇ ಒಂದು ಮಾತು ಹೇಳಮ್ಮಿ, ಒಪ್ಪನೇನೋ ಎಂದು ಕೇಳಿದ. ನಾನು ಸಾಯಲಿ ಬಿಡು ಎಂದೆ.